ಐಟಿಐ ಫಿಟ್ಟರ್ ಮುಗಿದಿದೆ. 9 ಸಾವಿರದ ಅಪ್ರೆಂಟಿಸ್‌ಗೆ ಹೋಗಲಾ, 15 ಸಾವಿರದ ಟ್ರೈನಿ ಕೆಲಸಕ್ಕೆ ಹೋಗಲಾ?

2016ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ, ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಕೂತು, ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ. ರೂಮ್ ಬಾಡಿಗೆ, ಮೆಸ್ಸು, ಊರಿಗೆ ಕಳಿಸುವ ದುಡ್ಡು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಜಾಸ್ತಿ ಕೊಡುವ ಕಡೆಗೆ ಹೋದೆ.

ಪೀಣ್ಯದ ಒಂದು ಕಂಪನಿ, ಹೆಸರು ಬೇಡ. ಎಚ್‌ಆರ್ ಒಂದು ಹಾಳೆ ಕೊಟ್ಟರು, ಮೇಲೆ 'ಟ್ರೈನಿ, 2 ವರ್ಷ' ಅಂತ ಇತ್ತು. ಟ್ರೈನಿ ಅಂದರೂ ಅಪ್ರೆಂಟಿಸ್ ಅಂದರೂ ಒಂದೇ ಅಂದುಕೊಂಡು ಸೈನ್ ಹಾಕಿಬಿಟ್ಟೆ. ತಪ್ಪಿದ್ದು ಅಲ್ಲೇ. ಇದನ್ನ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ.

ಅಪ್ರೆಂಟಿಸ್ ಅನ್ನೋದು ಕಾನೂನಿನ ಮಾತು. 1961ರ ಕಾಯ್ದೆ ಇದೆ. ನಿಮಗೂ ಕಂಪನಿಗೂ ಒಪ್ಪಂದ ಆಗಬೇಕು, ಅದು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಅದಕ್ಕೊಂದು ನಂಬರ್ ಬರುತ್ತದೆ. ಟ್ರೇಡಿಗೆ ತಕ್ಕ ಸಿಲಬಸ್ ಇರುತ್ತದೆ, ಕೊನೆಗೆ ಪರೀಕ್ಷೆ, ಪಾಸಾದರೆ ಎನ್‌ಎಸಿ, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಟ್ರೈನಿ ಅನ್ನೋದು ಕಂಪನಿಯವರು ತಾವೇ ಇಟ್ಟುಕೊಂಡ ಹೆಸರು. ಅದರಲ್ಲಿ ನಿಮಗೆ ಇಂಥದ್ದು ಕಲಿಸಲೇಬೇಕು ಅಂತ ಯಾರಿಗೂ ಕಟ್ಟುಪಾಡಿಲ್ಲ. ನಾನು ಆರು ತಿಂಗಳು 'ಆಮೇಲೆ ರಿಜಿಸ್ಟರ್ ಮಾಡ್ತಾರೆ' ಅಂತಲೇ ನಂಬಿಕೊಂಡಿದ್ದೆ. ಒಂದು ಸಲ ಕೇಳಿದೆ. "ಪ್ರೋಸೆಸ್‌ನಲ್ಲಿದೆ ಬಿಡಪ್ಪಾ" ಅಂದರು. ಮೊದಲ ದಿನವೇ "ಸರ್, ನನ್ನ ಕಾಂಟ್ರಾಕ್ಟ್ ನಂಬರ್ ಏನು?" ಅಂತ ಕೇಳಿದ್ದರೆ ಹತ್ತು ನಿಮಿಷದಲ್ಲಿ ಬಂಡವಾಳ ಹೊರಗೆ ಬರುತ್ತಿತ್ತು. ಕೇಳಲಿಲ್ಲ. ಹಳ್ಳಿ ಹುಡುಗ ಬಂದ ದಿನವೇ ಕಾನೂನು ಮಾತಾಡ್ತಾನೆ ಅಂತ ಅಂದುಕೊಂಡಾರು ಅನ್ನೋ ಅಂಜಿಕೆ, ಅಷ್ಟೇ.

ಎರಡು ವರ್ಷದಲ್ಲಿ ಏನು ಕಲಿತೆ ಗೊತ್ತಾ? ಬರ್ ತೆಗೆಯೋದು, ಅಂದರೆ ಲೋಹದ ಅಂಚಿನಲ್ಲಿ ಉಳಿದ ಚೂಪು ಸಿಬಿರು ಉಜ್ಜೋದು. ಮಿಲ್ಲಿಂಗ್‌ನಿಂದ ಪೀಸ್‌ಗಳು ಕ್ರೇಟ್‌ನಲ್ಲಿ ಬರುತ್ತಿದ್ದವು. ಅಂಚಿನ ಮೇಲೆ ಅರ ಎರಡು ಸಲ ಎಳೆದು, ಹೆಬ್ಬೆರಳು ಸವರಿ, ಪಕ್ಕದ ಕ್ರೇಟ್‌ಗೆ ಹಾಕೋದು. ಮತ್ತೆ ಮುಂದಿನದು. ರಾತ್ರಿ ಅನ್ನ ಕಲಸುವಾಗ ಸಾರಿನ ಖಾರ ಬೆರಳಿನ ಗೀರುಗಳಲ್ಲಿ ಉರಿಯುತ್ತಿತ್ತು. ನನ್ನ ರೂಮ್‌ಮೇಟ್ ಕಮ್ಮಿ ಸ್ಟೈಪೆಂಡ್‌ಗೆ ರಿಜಿಸ್ಟರ್ಡ್ ಅಪ್ರೆಂಟಿಸ್ ಆಗಿ ಸೇರಿದ್ದ. ಅವನನ್ನು ಅಸೆಂಬ್ಲಿ, ಮೇಂಟೆನೆನ್ಸ್, ಟೂಲ್ ರೂಮ್ ಅಂತ ಸುತ್ತಿಸುತ್ತಿದ್ದರು. ನಾನು ಅವನಿಗೆ ಟೀ ಕೊಡಿಸುತ್ತಿದ್ದೆ, ಪಾಪ ಕಮ್ಮಿ ದುಡ್ಡು ಅಂತ!

2018ರಲ್ಲಿ ಬಿಟ್ಟಾಗ ಸಿಕ್ಕಿದ್ದು ಒಂದು ಲೆಟರ್. 'ಟ್ರೈನಿಯಾಗಿದ್ದರು, ನಡತೆ ಉತ್ತಮ.' ಮುಂದಿನ ವರ್ಷ ರೈಲ್ವೆಯವರು ಲೆವೆಲ್ 1ಕ್ಕೆ, ಅಂದರೆ ತೀರಾ ಕೆಳಗಿನ ದರ್ಜೆಗೆ, 1,03,769 ಹುದ್ದೆ ಕರೆದರು. ಅದರಲ್ಲಿ 20,734 ಅಪ್ರೆಂಟಿಸ್ ಮುಗಿಸಿದವರಿಗೇ ಮೀಸಲು. ರೂಮ್‌ಮೇಟ್ ಆ ಕೋಟಾದಲ್ಲಿ ಅರ್ಜಿ ಹಾಕಿದ. ನಾನು ಎಲ್ಲರ ಜೊತೆ ಜನರಲ್ ಸಾಲಿನಲ್ಲಿ ಹಾಕಿದೆ.

ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ. ಒಂದು ಕಡೆ ಇಂಟರ್‌ವ್ಯೂನಲ್ಲಿ ಪ್ಲೇಟ್ ಕೊಟ್ಟು ಎಂ10 ಟ್ಯಾಪ್ ಹೊಡಿ ಅಂದರು. ಅಂದರೆ ತೂತು ಕೊರೆದು, ಟ್ಯಾಪ್ ಅನ್ನೋ ಟೂಲ್ ತಿರುಗಿಸಿ, ಒಳಗೆ 10 ಎಂಎಂ ಬೋಲ್ಟ್ ಕೂರುವ ಥ್ರೆಡ್ ಮಾಡೋದು. ಎಂ10ಗೆ 8.5 ಎಂಎಂ ಡ್ರಿಲ್, ಐಟಿಐನಲ್ಲಿ ಬಾಯಿಪಾಠ ಇತ್ತು. ಎರಡು ವರ್ಷ ಟ್ಯಾಪ್ ಮುಟ್ಟಿರಲಿಲ್ಲ, ಗಾಬರಿಯಲ್ಲಿ 8ರ ಡ್ರಿಲ್ ಹಾಕಿದೆ. ಅರ್ಧ ಸುತ್ತು ಮುಂದಕ್ಕೆ ತಿರುಗಿಸಿ ಸ್ವಲ್ಪ ಹಿಂದಕ್ಕೆ ಬರಬೇಕು, ಒಳಗೆ ಏಳುವ ಲೋಹದ ಚಿಪ್ ಮುರೀಬೇಕು, ಅದೂ ಮರೆತೆ. ಬಿಗಿಯಾಯ್ತು, ಇನ್ನೂ ಒತ್ತಿದೆ. ಟಕ್. ಟ್ಯಾಪ್ ಒಳಗೇ ಉಳಿಯಿತು. ಅವರು ಬೈಯಲೂ ಇಲ್ಲ. "ಎರಡು ವರ್ಷ ಎಕ್ಸ್‌ಪೀರಿಯನ್ಸ್ ಅಲ್ವಾ?" ಅಂದರು, ಅಷ್ಟೇ.

ಆಮೇಲೆ ಕಾಮಾಕ್ಷಿಪಾಳ್ಯದಲ್ಲಿ ಡೈ, ಅಂದರೆ ಲೋಹದ ಅಚ್ಚು, ಮಾಡುವ ಒಂದು ಪುಟ್ಟ ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿದೆ. ಅಲ್ಲಿನ ವಯಸ್ಸಾದ ಫಿಟ್ಟರ್ ಒಬ್ಬರು ಮೊದಲಿಂದ ಕಲಿಸಿದರು, ಬೈಗುಳ ಸಮೇತ. ಈಗ ಡೈ ಫಿಟ್ಟರ್ ಆಗಿದ್ದೇನೆ, ಊಟಕ್ಕೆ ತೊಂದರೆ ಇಲ್ಲ.

ಹಾಗಾಗಿ ನಿಮ್ಮ 9ಕ್ಕೆ 15 ಅನ್ನೋ ಹೋಲಿಕೆಯನ್ನೇ ನಾನು ಒಪ್ಪಲ್ಲ. 9 ಕೊಡುವವರು ರಿಜಿಸ್ಟರ್ ಮಾಡುತ್ತಾರೆ ಅಂತ ಯಾರು ಹೇಳಿದರು? ಎರಡೂ ಕಡೆ ಕಾಂಟ್ರಾಕ್ಟ್ ನಂಬರ್ ಕೇಳಿ. ಆಮೇಲೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟ್ ಹತ್ತಿರದ ಟೀ ಅಂಗಡಿಯಲ್ಲಿ ನಿಂತು, ಹೋದ ವರ್ಷ ಸೇರಿದ ಹುಡುಗರನ್ನ ಹಿಡಿದು, ಈಗ ಯಾವ ಸೆಕ್ಷನ್‌ನಲ್ಲಿದ್ದೀಯಾ ಅಂತ ಕೇಳಿ. ವರ್ಷವಿಡೀ ಒಂದೇ ಟೇಬಲ್ ಅಂದರೆ ಆ ಕಡೆ ತಲೆ ಹಾಕಬೇಡಿ. ಎರಡೂ ಕಡೆ ನಂಬರ್ ಇಲ್ಲ ಅಂದರೆ ಹತ್ತು ಜನರ ವರ್ಕ್‌ಶಾಪಿನಲ್ಲಿ ಒಳ್ಳೆ ಫಿಟ್ಟರ್ ಕೈಕೆಳಗೆ ಸೇರಿಕೊಳ್ಳಿ, ನನ್ನ ಪ್ರಕಾರ ಅದೇ ಮೇಲು. ಅಪ್ರೆಂಟಿಸ್ ಮುಗಿದ ಮೇಲೆ ಪರ್ಮನೆಂಟ್ ಮಾಡುತ್ತಾರಾ ಅಂತಲೂ ಕೇಳಿದ್ದೀರಿ. ಮಾಡಲೇಬೇಕು ಅಂತ ಕಾನೂನಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ.

ಇನ್ನೊಂದು ಮರೆತೆ. ಸೇರುವಾಗ ಐಟಿಐ ಸರ್ಟಿಫಿಕೇಟ್ ಜೆರಾಕ್ಸ್ ಕೊಡಿ ಸಾಕು, ಒರಿಜಿನಲ್ ಕೊಡಬೇಡಿ. ನನ್ನದನ್ನ ವಾಪಸ್ ತರೋಕೆ ನಾನು ಮೂರು ಸಲ ಪೀಣ್ಯಕ್ಕೆ ಅಲೆದೆ.