ತುಂಬಿದ ಹೊಟ್ಟೆ, ಬೀಳದ ಮೊಟ್ಟೆ: ಹೀರಾಲಾಲ್ ಚೌಧುರಿ ಬಿಡಿಸಿದ ಗಂಟು

ಓದುಗರ ಪತ್ರ: ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಎನ್ನುತ್ತೀರಿ. ಮೀನಿಗೆ ಮೊಟ್ಟೆ ಹಾಕಿಸುವ ಒಂದು ಚುಚ್ಚುಮದ್ದಿಗೆ ಇಷ್ಟು ದೊಡ್ಡ ಗೌರವವೇಕೆ? ಆ ಉಪಾಯ ಹೊರದೇಶಗಳಲ್ಲಿ ಮೊದಲೇ ಇತ್ತಲ್ಲವೇ? ಇನ್ನೊಂದು ಮಾತು. ನಮ್ಮ ಹೊಂಡದ ರೋಹು ಹೊಟ್ಟೆ ತುಂಬಿಕೊಂಡಿದ್ದರೂ ಮೊಟ್ಟೆ ಹಾಕಲಿಲ್ಲ. ಸೂಜಿ ಚುಚ್ಚಿದ ಮೇಲೆ ಹಾಕಿತು, ಆದರೆ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಕೆಟ್ಟವು. ತಪ್ಪು ಎಲ್ಲಿ?

ಸಂಪಾದಕರ ಉತ್ತರ:

ಮಾನ್ಯರೇ,

ಉಪಾಯ ಮೊದಲೇ ಇತ್ತು, ನಿಜ. 1930ರ ದಶಕದಲ್ಲೇ ಬ್ರೆಜಿಲ್‌ನಲ್ಲಿ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೀನಿಗೆ ಮೊಟ್ಟೆ ಹಾಕಿಸಿದ್ದರು. ಹೊರದೇಶದವರೆಗೆ ಹೋಗುವುದೇ ಬೇಡ: 1956ರಲ್ಲಿ ನಮ್ಮ ಬೆಂಗಳೂರಿನ ಎಲ್. ಎಸ್. ರಾಮಸ್ವಾಮಿ ಮತ್ತು ಬಿ. ಐ. ಸುಂದರರಾಜ್ ಚೇಳುಮೀನಿನಲ್ಲಿ ಇದನ್ನು ಸಾಧಿಸಿದ್ದರು. ಕನ್ನಡದ ಓದುಗರು ಈ ಎರಡು ಹೆಸರುಗಳನ್ನು ಮರೆಯಬಾರದು.

ಆದರೆ ಕೆರೆಗೆ ಬಿಡುವ ಮರಿಗಳ ಆಧಾರವೇ ರೋಹು, ಮೃಗಾಲ್, ಕಟ್ಲಾ. ಇವು ಹುಟ್ಟಾ ಹೊಳೆಯ ಮೀನುಗಳು. ಮುಂಗಾರಿನ ಕೆಂಪು ನೀರು ನುಗ್ಗಿ ಬಂದಾಗಲೇ ಮೊಟ್ಟೆ ಹಾಕುವ ಜಾತಿ. ನಿಂತ ನೀರಿನಲ್ಲಿ ಮೊಟ್ಟೆ ಬಲಿಯುತ್ತದೆ, ಹೊರಗೆ ಬರುವುದಿಲ್ಲ. ಮಳೆಗಾಲ ಕಳೆದರೆ ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಪ್ರವಾಹದ ಹೊತ್ತಿನಲ್ಲಿ ನದಿಗೆ ಬಲೆಯೊಡ್ಡಿ ಎಳೆಮರಿ ಹಿಡಿಯುತ್ತಿದ್ದರು. ಅದರಲ್ಲಿ ರೋಹುವಿನ ಜೊತೆಗೆ ರೋಹುವನ್ನೇ ತಿನ್ನುವ ಮೀನುಗಳ ಮರಿಗಳೂ ಬೆರೆತಿರುತ್ತಿದ್ದವು. ಅಷ್ಟು ಚಿಕ್ಕದಿರುವಾಗ ಅವನ್ನು ಬೇರ್ಪಡಿಸುವುದು ಯಾರಿಂದಲೂ ಆಗದ ಕೆಲಸ.

ಕಟಕ್‌ನ ಮೀನು ಸಂಶೋಧನಾ ಕೇಂದ್ರದಲ್ಲಿದ್ದ ವಿಜ್ಞಾನಿ ಹೀರಾಲಾಲ್ ಚೌಧುರಿ ಬೇರೆ ಪ್ರಾಣಿಯ ಗ್ರಂಥಿಯ ಬದಲು ಮೀನಿನ ಗ್ರಂಥಿಯನ್ನೇ ನೆಚ್ಚಿಕೊಂಡರು. ಮೊದಲು ಚಿಕ್ಕ ಮೀನುಗಳ ಮೇಲೆ ಪ್ರಯೋಗ ಮಾಡಿ, ಆಮೇಲೆ ರೋಹುವಿನಂಥ ಗೆಂಡೆ ಜಾತಿಗೆ ಬಂದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅದು ಕೈಗೂಡಿತು. ಅವರೂ ಕೆ. ಎಚ್. ಆಲಿಕುಂಞಿಯವರೂ ಸೇರಿ ಬರೆದ ವರದಿ ಅದೇ ವರ್ಷ ಬೆಂಗಳೂರಿನಿಂದ ಹೊರಡುವ ವಿಜ್ಞಾನ ಪತ್ರಿಕೆ 'ಕರೆಂಟ್ ಸೈನ್ಸ್'ನಲ್ಲಿ ಅಚ್ಚಾಯಿತು. ಯಾವ ಮೀನು, ಎಷ್ಟು ಪ್ರಮಾಣ, ಎಷ್ಟು ತಾಸಿನ ಅಂತರ ಎಂಬ ಲೆಕ್ಕ ಹಳ್ಳಿಯ ಹೊಂಡದ ದಡದಲ್ಲೂ ನಡೆಯುವಂತಾದದ್ದು ಈ ಕೆಲಸದಿಂದ. ಗೌರವ ಅದಕ್ಕೆ.

ಆ ಗ್ರಂಥಿಯನ್ನು ಒಮ್ಮೆ ಕಣ್ಣಾರೆ ನೋಡಿದರೆ ಕೆಲಸದ ಸೂಕ್ಷ್ಮ ಗೊತ್ತಾಗುತ್ತದೆ. ಬಲಿತ ಮೀನಿನ ತಲೆಬುರುಡೆಯ ಮೇಲ್ಭಾಗವನ್ನು ಓರೆಯಾಗಿ ಕತ್ತರಿಸಿ, ಒಳಗಿನ ಕೊಬ್ಬನ್ನು ಹತ್ತಿಯಿಂದ ಒರೆಸಬೇಕು. ಕಣ್ಣಿನ ನರಗಳನ್ನು ಕತ್ತರಿಸಿ ಮೆದುಳನ್ನು ಹಿಂದಕ್ಕೆ ಎತ್ತಿದರೆ ಬುರುಡೆಯ ತಳದ ಕುಳಿಯಲ್ಲಿ, ತೆಳುಪೊರೆಯ ಕೆಳಗೆ, ಕಾಳಿನಷ್ಟು ಬೆಳ್ಳನೆಯ ಉಂಡೆ ಕಾಣುತ್ತದೆ. ಪೊರೆ ಬಿಡಿಸಿ, ಒಡೆಯದಂತೆ ಎತ್ತಿ ಶುದ್ಧ ಆಲ್ಕೋಹಾಲಿಗೆ ಹಾಕಬೇಕು. 24 ತಾಸಿನ ನಂತರ ಆಲ್ಕೋಹಾಲ್ ಬದಲಿಸಬೇಕು. ನೀರು, ಕೊಬ್ಬು ಎರಡೂ ಹೋಗದಿದ್ದರೆ ಗ್ರಂಥಿಯ ಸತ್ವ ಕೆಡುತ್ತದೆ. ಮೊಟ್ಟೆ ಹಾಕಿ ಮುಗಿಸಿದ ಮೀನಿನ ಗ್ರಂಥಿಯಲ್ಲಿ ಬಲ ಕಡಿಮೆ. ಕೊಳೆತ ಮೀನಿನದು ಉಪಯೋಗಕ್ಕೇ ಬಾರದು.

ಚುಚ್ಚುವ ದಿನ ಗ್ರಂಥಿಯನ್ನು ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಅರೆದು, ತಿಳಿಯನ್ನಷ್ಟೇ ತೆಗೆದುಕೊಳ್ಳುತ್ತಾರೆ. ಹೆಣ್ಣಿಗೆ ಮೊದಲು ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಂ. 6 ತಾಸಿನ ನಂತರ 5ರಿಂದ 8 ಮಿಲಿಗ್ರಾಂ. ಈ ಎರಡನೆಯ ಸಲದ ಹೊತ್ತಿಗೇ ಗಂಡಿಗೆ ಒಂದೇ ಬಾರಿ 2ರಿಂದ 3. ಬಾಲದ ಬುಡದ ಮಾಂಸಖಂಡಕ್ಕೆ, ಹುರುಪೆಯ ಸಂದಿನಲ್ಲಿ ಸೂಜಿ ಓರೆಯಾಗಿ ಇಳಿಯಬೇಕು. ಒಂದು ಹೆಣ್ಣಿಗೆ ಎರಡು ಗಂಡು ಜೊತೆಮಾಡಿ ಹಾಪಾಕ್ಕೆ (ನೀರಿನಲ್ಲಿ ಕಟ್ಟುವ ಬಟ್ಟೆಯ ತೊಟ್ಟಿ) ಬಿಟ್ಟರೆ 3ರಿಂದ 6 ತಾಸಿನಲ್ಲಿ ಮೊಟ್ಟೆ. ನೀರು 27 ಡಿಗ್ರಿಯ ಆಸುಪಾಸಿದ್ದರೆ 14ರಿಂದ 18 ತಾಸಿನಲ್ಲಿ ಮರಿ. ಈಗ ಬಹುಪಾಲು ಕಡೆ ಓವಾಪ್ರಿಮ್‌ನಂಥ ಸಿದ್ಧ ಔಷಧಿ ಬಳಸುತ್ತಾರೆ: ಹೆಣ್ಣಿಗೆ ಕಿಲೋಗೆ 0.3ರಿಂದ 0.5 ಮಿಲಿಲೀಟರ್, ಒಂದೇ ಸಲ. ಅದು ಮೀನಿನ ಸ್ವಂತ ಗ್ರಂಥಿಯನ್ನು ಎಬ್ಬಿಸುತ್ತದೆ, ಗ್ರಂಥಿಗೆ ಬಿದ್ದ ತಡೆಯನ್ನೂ ತೆಗೆಯುತ್ತದೆ.

ಇನ್ನು ನಿಮ್ಮ ಬೆಳ್ಳಗಾದ ಮೊಟ್ಟೆ. ಫಲಿತ ಮೊಟ್ಟೆ ನೀರು ಕುಡಿದು ಉಬ್ಬಿ ಗಾಜಿನ ಮಣಿಯಂತೆ ಪಾರದರ್ಶಕವಾಗಿರುತ್ತದೆ. ಸುಣ್ಣದ ಬಣ್ಣಕ್ಕೆ ತಿರುಗಿದ್ದು ಸತ್ತ ಮೊಟ್ಟೆ. ಹೆಣ್ಣು ಮೊಟ್ಟೆಯನ್ನೇನೋ ಹಾಕಿದೆ, ಅಂದರೆ ಔಷಧಿ ಕೆಲಸ ಮಾಡಿದೆ. ಅನುಮಾನ ಮೊದಲು ಗಂಡಿನ ಮೇಲೆ ಹೋಗಬೇಕು. ಆಮೇಲೆ ನೀರಿನ ಬಿಸಿ: 31 ಡಿಗ್ರಿ ದಾಟಿದರೆ ಫಲಿತ ಮೊಟ್ಟೆಯೂ ಉಳಿಯುವುದು ಕಷ್ಟ. ಹೆಣ್ಣು ಇನ್ನೂ ಪೂರ್ತಿ ಮಾಗದಿರುವಾಗ ಅವಸರಕ್ಕೆ ಚುಚ್ಚಿದರೂ ಮೊಟ್ಟೆ ಅರೆಬರೆಯಾಗಿ ಬಿದ್ದು ಕೆಡುತ್ತದೆ. ಹಾಗೆಂದು ಪ್ರಮಾಣ ಹೆಚ್ಚಿಸುವುದು ಪರಿಹಾರವಲ್ಲ.

ಒಂದೇ ಹೊಂಡದ ನಾಲ್ಕಾರು ತಾಯಿಮೀನುಗಳಿಂದ ವರ್ಷವರ್ಷವೂ ಮರಿ ಮಾಡಿಸುವ ರೂಢಿಯನ್ನೂ ಬಿಡಿ. ಒಡಹುಟ್ಟಿದವೇ ಕೂಡಿ ತಳಿ ಸೊರಗುತ್ತದೆ. ಚೌಧುರಿಯವರ ವಿಧಾನ ಮರಿ ಸಿಗುವುದನ್ನು ಸುಲಭ ಮಾಡಿತು. ತಳಿಯ ಜವಾಬ್ದಾರಿ ನಮ್ಮ ಮರಿ ಕೇಂದ್ರಗಳದು, ಅದನ್ನು ನಾವು ಸಾಕಷ್ಟು ನಿಭಾಯಿಸಿಲ್ಲ. ಹೊಳೆಯಿಂದಲೋ ದೂರದ ಕೆರೆಯಿಂದಲೋ ಹೊಸ ಮೀನು ತಂದು ಸೇರಿಸಿಕೊಳ್ಳಿ.

ಮುಂದಿನ ಮುಂಗಾರಿನಲ್ಲಿ ಸಿರಿಂಜ್ ತುಂಬಿಸುವ ಮೊದಲು ಗಂಡುಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಎದೆಯ ಈಜುರೆಕ್ಕೆಯ ಮೇಲೆ ಬೆರಳಾಡಿಸಿ. ಮರಳುಕಾಗದದಂತೆ ಒರಟಾಗಿರಬೇಕು. ಹೊಟ್ಟೆಯನ್ನು ಹಗುರವಾಗಿ ಹಿಂದಕ್ಕೆ ಸವರಿದರೆ ಹಾಲಿನಂಥ ದ್ರವ ತಾನೇ ಒಸರಬೇಕು. ಒಸರದಿದ್ದರೆ ಆ ದಿನ ಯಾವ ಮೀನಿಗೂ ಚುಚ್ಚಬೇಡಿ.