ಕ್ವಿಂಬಿ ಬಿಟ್ಟ ಔಷಧ ಯಾವುದು?

ಮಂಡ್ಯದ ಓದುಗರೊಬ್ಬರ ಪತ್ರ: "ಅಮೆರಿಕದ ಕ್ವಿಂಬಿ ಎಂಬುವರು ಔಷಧವಿಲ್ಲದೆ ಮನಸ್ಸಿನಿಂದಲೇ ರೋಗ ವಾಸಿ ಮಾಡುತ್ತಿದ್ದರೆಂದು ಮೈಸೂರಿನ ಉಪನ್ಯಾಸವೊಂದರಲ್ಲಿ ಹೇಳಿದರು. ಅದನ್ನು ಕೇಳಿಬಂದ ನನ್ನ ತಮ್ಮನ ಮಗ, ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವವನು, ಇನ್ನು ಬಿಡುತ್ತೇನೆ ಅನ್ನುತ್ತಿದ್ದಾನೆ. ಏನು ಹೇಳಲಿ?"

ಸಂಪಾದಕರ ಉತ್ತರ:

ಒಂದು ಹೊತ್ತೂ ಬಿಡಕೂಡದು ಎಂದು ಇವತ್ತೇ ಹೇಳಿ. ಕಥೆ ಆಮೇಲೆ.

ಫಿನಿಯಸ್ ಕ್ವಿಂಬಿ (1802–1866) ಮೇನ್ ರಾಜ್ಯದ ಬೆಲ್‌ಫಾಸ್ಟ್ ಊರಿನಲ್ಲಿ ಗಡಿಯಾರ ಮಾಡುತ್ತಿದ್ದವರು. ಕ್ಷಯವೆಂದು ವೈದ್ಯರು ಅವರಿಗೆ ಕೊಟ್ಟದ್ದು ಕ್ಯಾಲೊಮೆಲ್, ಅಂದರೆ ಪಾದರಸದ ಲವಣ. ಹಲ್ಲುಗಳು ಹಾಳಾದವು. ರಕ್ತ ಹರಿಸುವುದು, ಭೇದಿ ಮಾಡಿಸುವುದು, ಪಾದರಸ ತಿನ್ನಿಸುವುದು: ಆಗಿನ ವೈದ್ಯ ಹೆಚ್ಚುಪಾಲು ಇದೇ. ಅಂಥ ಔಷಧ ಬಿಟ್ಟರೆ ಮೈಗೆ ಒಳ್ಳೆಯದೇ ಆಗುತ್ತಿತ್ತು. ನಿಮ್ಮ ಹುಡುಗನಿಗೆ ಉಪನ್ಯಾಸಕರು ಹೇಳದೆ ಬಿಟ್ಟದ್ದು ಇದನ್ನೇ.

ಮುಂದೆ ಕ್ವಿಂಬಿ ಮೆಸ್ಮರಿಸಂ ಎಂಬ ಸಮ್ಮೋಹನ ವಿದ್ಯೆ ಕಲಿತರು. ಲೂಸಿಯಸ್ ಬರ್ಕ್‌ಮರ್ ಎಂಬ ಯುವಕನನ್ನು ಅರೆನಿದ್ದೆಗೆ ಇಳಿಸಿ, ಅವನ ಬಾಯಿಂದ ರೋಗಿಗಳಿಗೆ ಮದ್ದು ಹೇಳಿಸುತ್ತಿದ್ದರು. ಗುಣ ಮಾಡುತ್ತಿರುವುದು ಮದ್ದಲ್ಲ, ರೋಗಿಯ ನಂಬಿಕೆ ಎಂದು ಬರಬರುತ್ತಾ ಅವರಿಗೆ ತೋಚಿತು. 1859ರಿಂದ ಪೋರ್ಟ್‌ಲೆಂಡ್‌ನಲ್ಲಿ ರೋಗಿಯ ಪಕ್ಕ ಕೂತು ಮಾತಾಡುವುದೇ ಅವರ ಚಿಕಿತ್ಸೆಯಾಯಿತು. ಆ ಕೂತು ಕೇಳುವ ಸಹನೆಗೆ ನಾನು ಕೈಮುಗಿಯುತ್ತೇನೆ. ಆದರೆ ರೋಗವೆಂದರೇ ತಪ್ಪು ನಂಬಿಕೆ ಎಂದರಲ್ಲ, ಅದನ್ನು ಒಪ್ಪಲಾರೆ. ಆಗ ನರಳುವವನೇ ತಪ್ಪಿತಸ್ಥನಾಗುತ್ತಾನೆ.

ನಂಬಿಕೆಯ ಬಲವನ್ನು ಕ್ವಿಂಬಿಗಿಂತ ಮೊದಲೇ ಅಳೆದು ನೋಡಿದವರಿದ್ದರು. ಕೀಲುನೋವಿಗೆ ಸವರುವ ಲೋಹದ ಕಡ್ಡಿಗಳು ಆಗ ಬಲು ದುಬಾರಿ. 1799ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಡಾ. ಜಾನ್ ಹೇಗಾರ್ತ್, ಲೋಹದಂತೆ ಕಾಣುವ ಮರದ ಕಡ್ಡಿಗಳನ್ನು ಸವರಿಸಿದರು. 5 ರೋಗಿಗಳಲ್ಲಿ 4 ಮಂದಿ ಹಗುರವಾಯಿತು ಎಂದರು. ಅವರೇನೂ ಸುಳ್ಳು ಹೇಳಲಿಲ್ಲ, ನೋವು ನಿಜವಾಗಿ ತಗ್ಗಿತ್ತು. ಆದರೆ ನೋವು ತಗ್ಗಿಸುವ ನಂಬಿಕೆ, ಮೇದೋಜೀರಕ ಗ್ರಂಥಿಯಲ್ಲಿ ಬತ್ತಿದ ಇನ್ಸುಲಿನ್ ಊರಿಸಲಾರದು. 1922ರ ಜನವರಿಯಲ್ಲಿ ಮೊದಲ ಚುಚ್ಚುಮದ್ದು ಬರುವ ತನಕ ಈ ಬಗೆಯ ಸಕ್ಕರೆ ಕಾಯಿಲೆಯ ಮಕ್ಕಳು ಬಹಳ ದಿನ ಉಳಿಯುತ್ತಿರಲಿಲ್ಲ.

ನಮ್ಮ ಚರಕಸಂಹಿತೆಯೂ ಮನಸ್ಸಿನ ಚಿಕಿತ್ಸೆಯನ್ನು 'ಸತ್ತ್ವಾವಜಯ' ಎನ್ನುತ್ತದೆ. ಆಹಾರ, ಔಷಧದ 'ಯುಕ್ತಿವ್ಯಪಾಶ್ರಯ'ವನ್ನು ಅದರ ಜೊತೆಗೇ ಇಡುತ್ತದೆ, ಕೈಬಿಡುವುದಿಲ್ಲ.

ಹುಡುಗನನ್ನು ಬೈಯಬೇಡಿ. ದಿನಾ ಸೂಜಿ ಚುಚ್ಚಿಕೊಂಡು ಬೇಸತ್ತಿರಬಹುದು, ಕೂರಿಸಿಕೊಂಡು ಕೇಳಿ. ಈಗಾಗಲೇ ಬಿಟ್ಟಿದ್ದರೆ, ಇಲ್ಲವೇ ವಾಂತಿ, ಹೊಟ್ಟೆನೋವು, ಜೋರು ಉಸಿರು ಕಂಡರೆ ನಡುರಾತ್ರಿಯಾದರೂ ನಿಮ್ಮೂರಿನ ಮಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.