ಮೇಷ್ಟ್ರ ಅಂಚೆ: ವಾಲಿಗೂ ಒಂದು ಬೆಂಚು

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಾರಕ್ಕೊಂದು ಮೌಲ್ಯ ಶಿಕ್ಷಣದ ಪೀರಿಯಡ್ ಕೂಡ ನನ್ನ ತಲೆಗೇ ಬಿದ್ದಿದೆ. ‘ಸುಳ್ಳು ಹೇಳಬಹುದೇ?’ ಎಂದು ಕೇಳಿದರೆ ಇಡೀ ತರಗತಿ ‘ಇಲ್ಲಾ ಟೀಚರ್’ ಎಂದು ರಾಗ ಎಳೆಯುತ್ತದೆ. ಪಾತ್ರಾಭಿನಯ ಮಾಡಿಸಿ ನೋಡೋಣ ಎಂದು ಹೊರಟರೆ ಒಬ್ಬ ಇದ್ದಿಲಿನಲ್ಲಿ ಮೀಸೆ ಬರೆದುಕೊಂಡು ಬಂದ. ಉಳಿದವರು ನಕ್ಕು ಸುಸ್ತಾದರು, ಪಕ್ಕದ ತರಗತಿಯ ಸರ್ ಬಂದು ಬಾಗಿಲು ಬಡಿದರು. ಇದನ್ನು ಸರಿಯಾಗಿ ಮಾಡುವುದು ಹೇಗೆ?
– ಒಬ್ಬ ಶಿಕ್ಷಕಿ, ಹಿರಿಯೂರು

ಉತ್ತರ: ತಪ್ಪು ಮೀಸೆಯದು, ಟೀಚರ್, ನಿಮ್ಮದಲ್ಲ. ವೇಷ ಬಂತೆಂದರೆ ಮಕ್ಕಳಿಗೆ ಮಾತು ಮರೆತುಹೋಗುತ್ತದೆ. ನಮ್ಮ ಕರಾವಳಿಯವರು ಇದಕ್ಕೆ ಎಂದೋ ಮದ್ದು ಕಂಡುಕೊಂಡಿದ್ದಾರೆ, ಅದು ತಾಳಮದ್ದಲೆ. ಯಕ್ಷಗಾನದ್ದೇ ಪ್ರಸಂಗ, ಆದರೆ ಕಿರೀಟವಿಲ್ಲ, ಗೆಜ್ಜೆಯಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲೇ ಪಾತ್ರವನ್ನು ಕಟ್ಟುತ್ತಾರೆ. ಆ ಮಾತಿಗೇ ‘ಅರ್ಥ’ ಎನ್ನುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರಿನವನು ಎಸೆದ ಪ್ರಶ್ನೆಗೆ ಉತ್ತರ ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥವನ್ನು ಕೇಳಿ ಮನೆಗೆ ಬಂದ ರಾತ್ರಿ ನನ್ನ ಅಪ್ಪ, ದಿನವೂ ರಾಮನಾಮ ಬರೆಯುತ್ತಿದ್ದವರು, ಊಟದ ಎಲೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಆ ವಾಲಿಯನ್ನೇ ನಾನು ಒಂಬತ್ತನೆಯ ತರಗತಿಗೆ ಕರೆತಂದೆ. ಎದುರುಬದುರು ಎರಡು ಬೆಂಚು ಹಾಕಿಸಿದೆ. ಒಂದರಲ್ಲಿ ವಾಲಿ, ಬಾಣ ನಾಟಿದೆ, ಪ್ರಾಣ ಇನ್ನೂ ಹೋಗಿಲ್ಲ. ಇನ್ನೊಂದರಲ್ಲಿ ರಾಮ. ಉಳಿದ ನಲವತ್ತು ಮಂದಿ ಕಿಷ್ಕಿಂಧೆಯ ಕಪಿಗಳು, ತಲಾ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. (ಕಪಿಯಾಗಲು ಯಾರೂ ತಕರಾರು ಮಾಡಲಿಲ್ಲ.) ರಾಮನಾದವನು ಭಾಷಣ ಸ್ಪರ್ಧೆಯಿಂದ ವರ್ಷಕ್ಕೆ ಮೂರು ಸ್ಟೀಲ್ ಲೋಟ ಗೆದ್ದು ತರುತ್ತಿದ್ದ ಹುಡುಗ. ವಾಲಿಯಾದವಳು ಹಾಜರಿ ಕೂಗಿದಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಬಾಯಿ ತೆರೆಯದ ಕೊನೆಯ ಬೆಂಚಿನ ಹುಡುಗಿ.

ರಾಮ ಜೋರಾಗಿಯೇ ಶುರು ಮಾಡಿದ. ‘ತಮ್ಮನ ಹೆಂಡತಿ ರುಮೆಯನ್ನು ನಿನ್ನವಳನ್ನಾಗಿ ಮಾಡಿಕೊಂಡೆ. ಅದು ಅಧರ್ಮ. ದಂಡಿಸುವುದು ರಾಜಧರ್ಮ.’ ವಾಲಿ ಕೇಳಿದಳು: ‘ಹಾಗಾದರೆ ಮರೆಯಲ್ಲಿ ನಿಂತು ಹೊಡೆದದ್ದೇಕೆ?’ ರಾಮನ ಬಳಿ ಉತ್ತರ ಸಿದ್ಧವಿತ್ತು: ‘ನೀನು ಮೃಗ. ಮೃಗವನ್ನು ರಾಜರು ಮರೆಯಿಂದಲೇ ಬೇಟೆಯಾಡುತ್ತಾರೆ.’ ಕಪಿಗಳೆಲ್ಲ ಚಪ್ಪಾಳೆ ಹೊಡೆದವು. ಹುಡುಗಿ ಬೆಂಚಿನ ಅಂಚಿನಲ್ಲಿ ಎದ್ದಿದ್ದ ಸಿಬಿರನ್ನು ಉಗುರಿನಿಂದ ಕೀಳುತ್ತಾ ಕುಳಿತಳು. ಸೋತಳು ಎಂದುಕೊಂಡು ನಾನು ಎದ್ದೇಬಿಟ್ಟಿದ್ದೆ. ಆಗ ತಲೆ ಎತ್ತದೆ ಹೇಳಿದಳು: ‘ನಾನು ಮೃಗವಾದರೆ ತಮ್ಮನ ಹೆಂಡತಿಯ ಮಾತು ಯಾಕೆ ಬಂತು? ಮೃಗಕ್ಕೆ ಯಾವ ಧರ್ಮ? ನನಗೂ ಧರ್ಮ ಇದೆ ಎಂದಾದರೆ ನಾನು ಬೇಟೆಯ ಮೃಗ ಹೇಗಾದೆ? ಎರಡರಲ್ಲಿ ಒಂದು ಹೇಳು, ಸ್ವಾಮಿ.’

ಸ್ಟೀಲ್ ಲೋಟದ ಹುಡುಗ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ಅಲ್ಲಿಗೆ ಬಿಟ್ಟಿದ್ದರೆ ಅದು ಬರೀ ಚರ್ಚಾಸ್ಪರ್ಧೆಯಾಗುತ್ತಿತ್ತು. ಬೆಂಚು ಬದಲಿಸಿ ಎಂದೆ. ಈಗ ಅವಳು ರಾಮ. ಐದು ನಿಮಿಷದ ಹಿಂದೆ ತಾನೇ ಕಟ್ಟಿದ ಗಂಟನ್ನು ತಾನೇ ಬಿಡಿಸಬೇಕು. ಬಹಳ ತಿಣುಕಿದಳು. ಕೊನೆಗೆ ಮೃಗದ ವಾದವನ್ನೇ ಕೈಬಿಟ್ಟಳು. ‘ಸುಗ್ರೀವನಿಗೆ ಎಲ್ಲರೆದುರು ಮಾತು ಕೊಟ್ಟಿದ್ದೆ. ಕೊಟ್ಟ ಮೇಲೆ ಹಿಂದೆ ಸರಿಯಲು ಆಗಲಿಲ್ಲ’ ಎಂದಳು. ಕೂಡಲೇ ಒಂದು ಕಪಿ ಎದ್ದು ನಿಂತು, ‘ಕೆಟ್ಟದ್ದನ್ನು ಮಾಡುತ್ತೇನೆಂದು ಮಾತು ಕೊಟ್ಟಿದ್ದರೂ ಉಳಿಸಿಕೊಳ್ಳಬೇಕೇ?’ ಎಂದು ಚೀಟಿ ಓದಿತು. ನೀವು ಇಡೀ ವರ್ಷ ಕೇಳಿದರೂ ಹುಟ್ಟದ ಪ್ರಶ್ನೆ ಅದು. ‘ಇಲ್ಲಾ ಸರ್’ ಎಂಬ ರಾಗ ಆ ದಿನ ಕೇಳಲಿಲ್ಲ.

ಇಂಥದ್ದಕ್ಕೆ ಊರಿನಲ್ಲಿ ಗಲಾಟೆಯಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಹೆದರಿದರೆ, ವಾಲಿಯ ಪ್ರಶ್ನೆಗಳೂ ರಾಮನ ಉತ್ತರಗಳೂ ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲೇ ಇವೆ ಎಂದು ತೆರೆದು ತೋರಿಸಿ.

ಇನ್ನು ಕೆಲಸದ ಮಾತು. ವೇಷ ಬೇಡ, ಪಾತ್ರದ ಹೆಸರು ಬರೆದ ರಟ್ಟಿನ ಚೀಟಿಯೊಂದನ್ನು ಅಂಗಿಗೆ ಸಿಕ್ಕಿಸಿದರೆ ಸಾಕು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಕೊನೆಯ ಹತ್ತನ್ನು ಮುಟ್ಟಬೇಡಿ. ಆಗ ಚೀಟಿ ಕಳಚಿ ಮೇಜಿನ ಮೇಲಿಟ್ಟು ಪ್ರತಿಯೊಬ್ಬರೂ ತಮ್ಮ ಸ್ವಂತ ಮಾತನ್ನು ಆಡಬೇಕು. ನೀವು ಭಾಗವತರ ಜಾಗದಲ್ಲಿರಿ. ಮಾತು ಹಳಿ ತಪ್ಪಿದರೆ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ, ತಾವೇ ಅರ್ಥ ಹೇಳಲು ಇಳಿಯುವುದಿಲ್ಲ. ಅಂಕ ಕೊಡಲೇಬೇಕೆಂದಿದ್ದರೆ ಗೆದ್ದವನಿಗೆ ಕೊಡಬೇಡಿ. ಎದುರಾಳಿಯ ವಾದವನ್ನು ಎದುರಾಳಿಯೇ ‘ಹೌದು, ನಾನು ಹೇಳಿದ್ದು ಇದೇ’ ಎಂದು ಒಪ್ಪುವಂತೆ ಹೇಳಬಲ್ಲವನಿಗೆ ಕೊಡಿ.

ಪ್ರಶ್ನೆ: ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತೇನೆ. ಸಾಕ್ರಟೀಸನ ವಿಚಾರಣೆಯನ್ನು ತರಗತಿಯಲ್ಲೇ ನಡೆಸುವ ಆಸೆ. ಆದರೆ ಎಂಬತ್ತು ವಿದ್ಯಾರ್ಥಿಗಳಿದ್ದಾರೆ, ಸಂತೆಯಾಗುವುದಿಲ್ಲವೇ?
– ಉಪನ್ಯಾಸಕ, ಧಾರವಾಡ

ಉತ್ತರ: ಎಂಬತ್ತು ಕಡಿಮೆಯೇ ಆಯಿತು! ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ಅವನ ಮುಂದೆ ಕುಳಿತ ತೀರ್ಪುಗಾರರು ಸುಮಾರು 500 ಮಂದಿ, ಎಲ್ಲರೂ ಸಾಮಾನ್ಯ ನಾಗರಿಕರು. ಅಲ್ಲಿನ ನ್ಯಾಯಾಲಯಗಳಲ್ಲಿ ಎರಡೂ ಕಡೆಯವರ ಮಾತಿನ ಸಮಯವನ್ನು ನೀರಿನ ಗಡಿಯಾರ ಅಳೆಯುತ್ತಿತ್ತು. ಪ್ಲಾಸ್ಟಿಕ್ ಬಾಟಲಿಯ ತಳಕ್ಕೊಂದು ತೂತು ಕೊರೆದು ಇಬ್ಬರಿಗೂ ಸಮನಾಗಿ ನೀರು ಹಾಕಿ. ಸಂತೆ ತಾನಾಗಿಯೇ ಅಡಗುತ್ತದೆ.

ತೊಂದರೆ ಬೇರೆಯೇ ಇದೆ. ಸಾಕ್ರಟೀಸ್ ಮಹಾತ್ಮ ಎಂದು ನಿಮ್ಮ ವಿದ್ಯಾರ್ಥಿಗಳು ಬರುವಾಗಲೇ ನಂಬಿರುತ್ತಾರೆ, ಎರಡೇ ನಿಮಿಷದಲ್ಲಿ ಅವನನ್ನು ಬಿಡುಗಡೆ ಮಾಡಿಬಿಡುತ್ತಾರೆ. ಆದ್ದರಿಂದ ಮೊದಲ ವಾರವನ್ನು ಪೂರ್ತಿ ಆರೋಪ ಮಾಡುವವರಿಗೇ ಕೊಡಿ. ಸ್ಪಾರ್ಟಾದೆದುರು ಸೋತ ಊರು ಅದು. ಸೋಲಿನ ಬೆನ್ನಿಗೇ ಮೂವತ್ತು ಮಂದಿಯ ಕ್ರೂರ ಆಳ್ವಿಕೆ ಬಂದು ಎಷ್ಟೋ ನಾಗರಿಕರ ಪ್ರಾಣ ತೆಗೆಯಿತು. ಆ ಗುಂಪಿನ ಮುಂದಾಳು ಕ್ರಿಟಿಯಸ್ ಹಿಂದೆ ಸಾಕ್ರಟೀಸನ ಒಡನಾಡಿಯಾಗಿದ್ದವನು. ಅಣ್ಣನನ್ನು ಕಳೆದುಕೊಂಡ ಒಬ್ಬ ಅಥೆನ್ಸಿನವನನ್ನು ಊಹಿಸಿ ಮಾತನಾಡಿ ಎಂದು ಆ ಹುಡುಗರಿಗೆ ಹೇಳಿ. ಆಮೇಲೆ ಮತಕ್ಕೆ ಹಾಕಿ. ಅಂದು ಬರೀ ಮೂವತ್ತು ಮತ ಆಚೆ ಸರಿದಿದ್ದರೆ ಅವನು ಪಾರಾಗುತ್ತಿದ್ದ ಎಂಬುದನ್ನು ಎಣಿಕೆ ಮುಗಿಯುವವರೆಗೂ ಬಾಯಿಬಿಡಬೇಡಿ.

ಸೆರೆಮನೆಯ ಭಾಗವನ್ನೂ ಬಿಡಬೇಡಿ. ತಪ್ಪಿಸಿಕೊಂಡು ಹೋಗಲು ಗೆಳೆಯ ಕ್ರಿಟೋ ಎಲ್ಲ ಏರ್ಪಾಟು ಮಾಡಿಕೊಂಡು ಬಂದಾಗ ಸಾಕ್ರಟೀಸ್ ಏನು ಮಾಡುತ್ತಾನೆ ನೋಡಿ: ಊರಿನ ಕಾನೂನುಗಳೇ ಬಂದು ನಿಂತು ತನ್ನನ್ನು ಕೇಳುತ್ತಿವೆ ಎಂದು ಭಾವಿಸಿ, ಅವುಗಳ ಬಾಯಿಯಿಂದ ತಾನೇ ತನ್ನನ್ನು ಪ್ರಶ್ನಿಸಿಕೊಳ್ಳುತ್ತಾನೆ. ನಮ್ಮ ಅರ್ಥಧಾರಿಗಳ ಸಾಲಿನಲ್ಲಿ ಕೂರಿಸಬಹುದಾದ ಮನುಷ್ಯ.

ಪ್ರಶ್ನೆ: ನೀತಿ ಪಾಠದ ನಾಟಕದಲ್ಲಿ ಆರನೆಯ ತರಗತಿಯ ನನ್ನ ಮಗನಿಗೆ ಕಳ್ಳನ ಪಾತ್ರ ಕೊಟ್ಟರು. ಈಗ ಎಲ್ಲರೂ ಅವನನ್ನು ಕಳ್ಳ ಎಂದೇ ಕರೆಯುತ್ತಾರೆ. ಶಾಲೆಗೆ ಹೋಗಿ ಜಗಳವಾಡಲೇ?
– ತಾಯಿ, ಸಾಗರ

ಉತ್ತರ: ಹೋಗಿ ತಾಯಿ, ಜಗಳ ಮಾತ್ರ ಬೇಡ. ಇದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡಿದ್ದೇನೆ. ‘ಸಾಲ ತೀರಿಸಲಾಗದವನು ಮಾತು ತಪ್ಪಿದ ಹಾಗೆಯೇ?’ ಎಂಬ ವಿಷಯ. ಸಾಲಗಾರನ ಪಾತ್ರವನ್ನು ಕೈಗೆ ಸಿಕ್ಕ ಹುಡುಗನೊಬ್ಬನಿಗೆ ಕೊಟ್ಟೆ. ಅವನು ಎದ್ದು ನಿಂತು, ಹೆಗಲ ಮೇಲಿಲ್ಲದ ಬೈರಾಸನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಂತೆ ಮಾಡಿ, ಬೆನ್ನು ಬಗ್ಗಿಸಿ ಕೈಮುಗಿದ. ತರಗತಿ ನಕ್ಕಿತು. ಎಷ್ಟು ಸಹಜವಾಗಿ ಮಾಡಿದೆ ಎಂದು ನಾನು ಹೊಗಳಿದೆ. ಮರುದಿನ ಅವನು ಬರಲಿಲ್ಲ. ಆ ವಾರವೇ ಅವರ ಮನೆಯ ಜಗಲಿಯಲ್ಲಿ ಸಾಲ ಕೊಟ್ಟವರು ಬಂದು ಕುಳಿತಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿಂದ ಮುಂದೆ ಪಾತ್ರದ ಚೀಟಿಗಳನ್ನು ಮಗುಚಿ ಇಡತೊಡಗಿದೆ. ಎತ್ತಿದ ಚೀಟಿಯನ್ನು ಯಾವ ಮಗುವಾದರೂ ಒಮ್ಮೆ ವಾಪಸ್ ಇಡಬಹುದು, ಕಾರಣ ಕೇಳುವುದಿಲ್ಲ. ಚೀಟಿ ಕಳಚಿದ ಮೇಲೆ ಪಾತ್ರದ ಹೆಸರಿನಿಂದ ಯಾರನ್ನಾದರೂ ಕರೆದವನು ಮುಂದಿನ ಸಲ ಆ ಪಾತ್ರವನ್ನೇ ಮಾಡಬೇಕು.

ಇವೆರಡನ್ನೂ ಆ ಮೇಷ್ಟ್ರಿಗೆ ಹೇಳಿ, ನನ್ನ ಹೆಸರು ಹೇಳಿದರೂ ಅಡ್ಡಿಯಿಲ್ಲ. ಮುಂದಿನ ಸಲ ಯಾವ ಪಾತ್ರ ಬೇಕೆಂದು ಮಗನನ್ನೇ ಕೇಳಿ. ಕಳ್ಳನನ್ನು ಹಿಡಿದ ಅಂಗಡಿಯವನಾಗುತ್ತೇನೆ ಎನ್ನುತ್ತಾನೆ ಎಂದು ನನ್ನ ಅಂದಾಜು.